ಒದ್ದೆ ಬಲ್ಬಿನ ಬತ್ತಿ

ಫೆಬ್ರವರಿ ೧೧

ಸಂಜೆ ಐದೂವರೆ. ಒಣ ೩೦.೬, ಒದ್ದೆ ೨೧.೨. ಗಾಳಿ ಪಶ್ಚಿಮದಿಂದ, ಗಂಟೆಗೆ ಆರು ಕಿಲೋಮೀಟರ್. ಮೋಡ ಇಲ್ಲ. ಮಳೆ ಇಲ್ಲ.

ನಿದ್ದೆ ಬರುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೋಗಿದ್ದೆ. ಮಾತ್ರೆ ಕೊಡುತ್ತಾರೆ ಅಂದುಕೊಂಡರೆ ಉಪದೇಶ ಕೊಟ್ಟು ಕಳಿಸಿದರು. "ದಿನಾ ನಾಲ್ಕು ಸಾಲು ಬರೀರಿ. ಏನನ್ಸುತ್ತೋ ಅದನ್ನೇ ಬರೀರಿ. ಯಾರಿಗೂ ತೋರಿಸ್ಬೇಡಿ." ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಎರಡು ಸಲ ಬರೆಯುವುದೇ ನನ್ನ ಕಸುಬು ಎಂದು ಅವರಿಗೆ ಹೇಳಲಿಲ್ಲ. ಹವಾಮಾನ ಕೇಂದ್ರದ ಹಳೇ ರಿಜಿಸ್ಟರ್ ಒಂದರಲ್ಲಿ ಕೊನೆಯ ಹಾಳೆಗಳು ಖಾಲಿ ಉಳಿದಿದ್ದವು. ಅದರಲ್ಲೇ ಬರೆಯುತ್ತಿದ್ದೇನೆ.

ಏನನ್ನಿಸಿತು? ಏನೂ ಅನ್ನಿಸಲಿಲ್ಲ. ನಾಲ್ಕು ಸಾಲು ಆಯಿತು.

ಫೆಬ್ರವರಿ ೧೨

ಒಣ ೩೧.೦, ಒದ್ದೆ ೨೧.೪.

ಹೆಂಡತಿ ಹೋಗಿ ಇಪ್ಪತ್ತೆರಡು ದಿನ. ಅಡುಗೆಮನೆಯಲ್ಲಿ ನಿಂತಿದ್ದವಳು ತಲೆನೋವು ಅಂದು ಕೂತಳು. ಮೂರು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಮಧ್ಯಾಹ್ನ ಮೂರಕ್ಕೆ ಮನೆಗೆ ತಂದೆವು. ಮನೆ ತುಂಬ ಜನ. ಐದೂ ಇಪ್ಪತ್ತಕ್ಕೆ ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅಂಗಳ ದಾಟಿ ಹೋಗಿ ಥರ್ಮಾಮೀಟರು ಓದಿ, ಬರೆದು, ಮತ್ತೆ ಬಂದು ಅವಳ ಪಕ್ಕ ಕೂತೆ. ಆ ಹೊತ್ತಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು.

ಮಾತಾಡಲಿ. ಆ ದಿನದ ಅಂಕಿ ರಿಜಿಸ್ಟರಿನಲ್ಲಿದೆ. ಒಣ ೨೮.೮, ಒದ್ದೆ ೨೦.೦.

ಫೆಬ್ರವರಿ ೧೪

ಇವತ್ತು ಬಿಡುವಿತ್ತು. ಬರೆಯಲು ಬೇರೇನೂ ಇಲ್ಲದ್ದರಿಂದ ಕೇಂದ್ರದ ಬಗ್ಗೆಯೇ ಬರೆಯುತ್ತೇನೆ.

ಎರಡು ಕೋಣೆಯ ವಸತಿ. ಅದರ ಎದುರು ಬೇಲಿ ಹಾಕಿದ ಹುಲ್ಲಂಗಳ. ಬಾಗಿಲಿನಿಂದ ಸರಿಯಾಗಿ ಮೂವತ್ತೆರಡು ಹೆಜ್ಜೆ. ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ, ಸುತ್ತ ಗಾಳಿಯಾಡುವ ಹಾಗೆ ಓರೆ ಪಟ್ಟಿಗಳು. ಅದರ ಆಚೆ ಮಳೆ ಅಳೆಯುವ ತಾಮ್ರದ ಡಬ್ಬ, ಕಂಬದ ತುದಿಯಲ್ಲಿ ಗಾಳಿಗೆ ಸುತ್ತುವ ಮೂರು ಬಟ್ಟಲು, ಬಿಸಿಲು ಅಳೆಯುವ ಗಾಜಿನ ಗೋಳ. ಗೋಳದ ಕೆಳಗೆ ದಿನಾ ಒಂದು ಕಾಗದದ ಪಟ್ಟಿ ಇಡುತ್ತೇನೆ. ಬಿಸಿಲು ಅದನ್ನು ಸುಡುತ್ತಾ ಹೋಗುತ್ತದೆ. ಸುಟ್ಟ ಗೆರೆ ಎಷ್ಟುದ್ದವೋ ಅಷ್ಟು ಗಂಟೆ ಬಿಸಿಲು.

ಪೆಟ್ಟಿಗೆಯೊಳಗೆ ಎರಡು ಥರ್ಮಾಮೀಟರು ಅಕ್ಕಪಕ್ಕ. ಒಂದು ಬರಿಮೈ. ಅದು ಒಣ. ಇನ್ನೊಂದರ ಬಲ್ಬಿಗೆ ತೆಳು ಬಟ್ಟೆ ಸುತ್ತಿ, ಬಟ್ಟೆಯಿಂದ ದಾರದ ಬತ್ತಿ ಇಳಿಬಿಟ್ಟು, ಬತ್ತಿಯನ್ನು ಪುಟ್ಟ ಬಾಟಲಿಯ ನೀರಿನಲ್ಲಿ ಅದ್ದಿರುತ್ತಾರೆ. ಅದು ಒದ್ದೆ. ನೀರು ಆರುವಾಗ ತಂಪಾಗುತ್ತದಲ್ಲ, ಹಾಗಾಗಿ ಒದ್ದೆಯದು ಯಾವಾಗಲೂ ಕೆಳಗೇ ಇರುತ್ತದೆ. ಗಾಳಿ ಒಣಗಿದಷ್ಟೂ ಎರಡರ ನಡುವೆ ಅಂತರ ಜಾಸ್ತಿ. ಆ ಅಂತರವನ್ನು ಕೋಷ್ಟಕದಲ್ಲಿ ನೋಡಿದರೆ ಗಾಳಿಯಲ್ಲಿ ತೇವ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. ಇಷ್ಟೇ ವಿದ್ಯೆ. ಇಷ್ಟರಲ್ಲೇ ಹತ್ತೊಂಬತ್ತು ವರ್ಷ ಉಂಡಿದ್ದೇನೆ.

ಅವಳ ಲೆಕ್ಕದಲ್ಲಿ ಆ ಪೆಟ್ಟಿಗೆ ಮನೆಯ ಮೂರನೇ ಕೋಣೆ. ಧೂಳು ಹೊಡೆಯುವುದು, ಜೇಡರ ಬಲೆ ತೆಗೆಯುವುದು, ಬಾಟಲಿಗೆ ನೀರು ತುಂಬುವುದು ಎಲ್ಲಾ ಅವಳೇ. "ಕೂಸಿಗೆ ನೀರು ಕುಡಿಸ್ಬಂದೆ" ಎನ್ನುತ್ತಿದ್ದಳು. ಬಟ್ಟೆ ಸುತ್ತಿಕೊಂಡು ಬಾಯಾರಿ ನಿಂತಿರುತ್ತದಂತೆ ಪಾಪ. ನಾನು ಓದಿ ಬರೆಯುವ ಗಿರಾಕಿ ಅಷ್ಟೇ.

ಒಣ ೩೧.೪, ಒದ್ದೆ ೨೧.೮.

ಫೆಬ್ರವರಿ ೧೭

ಮಗಳಿಗೆ ಹದಿಮೂರು. ಹುಟ್ಟಿದಾಗ ಬೀದಿಯ ಕೊನೆಯ ಮನೆಗೆ ಕೇಳುವಂತೆ ಅಳುತ್ತಿದ್ದಳು. ಅವರಮ್ಮ ಪೀಪಿ ಅಂತ ಹೆಸರಿಟ್ಟಳು. ಶಾಲೆಯಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಅದು ಯಾರಿಗೂ ಬೇಕಿಲ್ಲ. ಈಗ ಪೀಪಿ ಊದುವುದಿಲ್ಲ. ಬೆಳಿಗ್ಗೆ ನಾನು ಮೊಟ್ಟೆ ಬೇಯಿಸುತ್ತೇನೆ, ಅವಳು ಬ್ರೆಡ್ಡು ಕಾಯಿಸುತ್ತಾಳೆ. ಇಬ್ಬರೂ ತಟ್ಟೆ ನೋಡಿಕೊಂಡು ತಿನ್ನುತ್ತೇವೆ. ಮೊಟ್ಟೆ ಒಂದು ದಿನ ನೀರುನೀರು, ಇನ್ನೊಂದು ದಿನ ಕಲ್ಲು. ಅವಳು ಎರಡನ್ನೂ ಒಂದೇ ಮುಖದಲ್ಲಿ ತಿನ್ನುತ್ತಾಳೆ.

ಶಾಲೆಗೆ ಹೋಗುವ ಮೊದಲು ಕೈಯಲ್ಲೊಂದು ಬಾಟಲಿ ಹಿಡಿದು ಅಂಗಳದ ಕಡೆ ಹೋಗುತ್ತಾಳೆ. ಬೇಲಿಯ ಗಿಡಕ್ಕೆ ನೀರು ಹಾಕುತ್ತಾಳೆ ಅಂತ ಕಾಣುತ್ತದೆ. ಅವರಮ್ಮ ಹಾಕುತ್ತಿದ್ದಳೇನೋ.

ಸಂಜೆ ನಾನು ಓದಿ ಒಳಗೆ ಬಂದರೆ ಒಂದೇ ಪ್ರಶ್ನೆ. "ಅಪ್ಪಾ, ಒದ್ದೆದು ಎಷ್ಟು?"

"ಇಪ್ಪತ್ತೆರಡು."

"ಸರಿ."

ಮಾತಿಗೆ ಮಾತು ಬೇಕಲ್ಲ ಎಂದು ಕೇಳುತ್ತಾಳೆ. ಒಳ್ಳೆಯ ಹುಡುಗಿ.

ಫೆಬ್ರವರಿ ೨೪

ನಾದಿನಿ ಬಂದಿದ್ದಾಳೆ. ಹೆಂಡತಿಯ ತಂಗಿ. ಬಸ್ಸಿನಲ್ಲಿ ಐದು ಗಂಟೆ ದೂರದ ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮಕ್ಕಳಿಲ್ಲ. ಬಂದವಳು ಚೀಲ ಇಡುವ ಮೊದಲೇ ಕಿಟಕಿ ತೆರೆದಳು, ಹಾಸಿಗೆ ಕೊಡವಿದಳು, ನಾನು ಇಟ್ಟ ಚಹಾವನ್ನು ಒಂದು ಗುಟುಕು ಕುಡಿದು ಉಳಿದದ್ದನ್ನು ಚೆಲ್ಲಿದಳು. ಬೀರುವಿನಿಂದ ಅಕ್ಕನ ಬಟ್ಟೆ ತೆಗೆದು ಮಡಿಸತೊಡಗಿದಳು. ಅಲ್ಲಿ ಗಲಾಟೆ ಶುರುವಾಯಿತು.

ಒಂದು ತೆಳು ಬಿಳಿ ಶಾಲು. ಅಂಚಿಗೆ ನೀಲಿ ದಾರದ ಹೊಲಿಗೆ. ಅಕ್ಕನಿಗೆಂದು ಅವಳೇ ಹೊಲಿದು ಕೊಟ್ಟದ್ದು. ಅದರ ಒಂದು ಮೂಲೆಯಿಂದ ತುಂಡು ತುಂಡಾಗಿ ಕತ್ತರಿಸಿದ್ದರು.

"ಇದ್ಯಾರು ಭಾವ ಕತ್ತರಿ ಹಾಕಿದ್ದು?"

"ಗೊತ್ತಿಲ್ಲ."

"ಒಂದಲ್ಲ, ಐದು ತುಂಡು ಹೋಗಿದೆ. ಒಂದೇ ಅಳತೆ. ಇಲಿ ಅಳತೆ ಟೇಪು ಇಟ್ಕೊಂಡು ಕಡಿಯುತ್ತಾ?" ಪೀಪಿಯನ್ನು ಕರೆದಳು. "ನೀನಾ ಪುಟ್ಟಿ?"

ಪೀಪಿ ಹೌದೆಂದು ತಲೆ ಆಡಿಸಿದಳು.

"ಯಾಕೆ?"

ಅವಳು ನನ್ನ ಮುಖ ನೋಡಿದಳು. ತುಂಬಾ ಹೊತ್ತು ನೋಡಿದಳು. ನಾನು ಏನು ಹೇಳಲಿ? ತಾಯಿ ಸತ್ತ ಮಕ್ಕಳು ಏನೇನೋ ಮಾಡುತ್ತವಂತೆ. ಹೋಗಲಿ ಬಿಡು ಎಂದೆ. ಅವಳು ಒಳಗೆ ಹೋದಳು.

ಒಣ ೩೨.೦, ಒದ್ದೆ ೨೧.೮.

ಫೆಬ್ರವರಿ ೨೫

ನಾದಿನಿ ಬೆಳಿಗ್ಗೆಯೇ ಹಿಡಿದುಕೊಂಡಳು. ನಾನು ಎಂಟೂವರೆಯದನ್ನು ಓದಿ ಬರುವುದನ್ನೇ ಕಾಯುತ್ತಿದ್ದಳು.

"ಭಾವ, ಸಿಟ್ಟು ಮಾಡ್ಕೋಬೇಡಿ. ನಿಮ್ಮ ಹತ್ರ ಇದ್ರೆ ಈ ಮಗು ಕಲ್ಲಾಗಿಬಿಡುತ್ತೆ. ನೀವು ಆಗ್ಲೇ ಆಗಿದ್ದೀರಿ. ಅಕ್ಕನ್ನ ನಡುಮನೇಲಿ ಮಲಗ್ಸಿಟ್ಟು ಪಾದರಸ ನೋಡೋಕೆ ಎದ್ದುಹೋದ್ರಲ್ಲ, ಆಗ ಈ ಹುಡುಗಿ ಬಾಗ್ಲಲ್ಲಿ ನಿಂತು ನೋಡ್ತಿದ್ಲು. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ.

"ಈಗ ಅವರಮ್ಮನ ಬಟ್ಟೆ ಕತ್ತರಿಸ್ತಿದೆ. ನಾಳೆ ಇನ್ನೇನು ಮಾಡುತ್ತೋ. ಶಾಲೆಗೆ ಸ್ವಲ್ಪ ದಿನ ರಜೆ ಹಾಕ್ಸಿ ಕರ್ಕೊಂಡು ಹೋಗ್ತೀನಿ. ಹೊಂದ್ಕೊಂಡ್ರೆ ಅಲ್ಲೇ ಶಾಲೆಗೆ ಸೇರ್ಸೋಣ. ಮಾರ್ಚ್ ಇಪ್ಪತ್ತರ ಒಳಗೆ ಅರ್ಜಿ ಕೊಡ್ಬೇಕು."

ತಪ್ಪೇನಿಲ್ಲ ಅನ್ನಿಸಿತು. ಅವಳ ಮನೆಯಲ್ಲಿ ಮೊಟ್ಟೆಯಾದರೂ ಸರಿಯಾಗಿ ಬೇಯುತ್ತದೆ.

ಸಂಜೆ ಪೀಪಿ ಬಂದು ಬಾಗಿಲಿಗೆ ಒರಗಿ ನಿಂತಳು. "ಅಪ್ಪಾ, ನಾನು ಹೋಗ್ಲಾ?"

"ನಿನ್ನಿಷ್ಟ" ಎಂದೆ.

ಇನ್ನೂ ನಿಂತಿದ್ದಳು. ನಾನು ಕೋಷ್ಟಕ ನೋಡುತ್ತಿದ್ದೆ. ಆಮೇಲೆ "ಹೋಗ್ತೀನಿ" ಅಂದಳು.

ಮಾರ್ಚ್ ೧

ಒಣ ೩೨.೨, ಒದ್ದೆ ೨೧.೯.

ಹೋದರು. ಬಸ್ಸು ತಪ್ಪುತ್ತದೆ ಎಂದು ನಾದಿನಿ ಕೂಗಿಕೊಳ್ಳುತ್ತಿದ್ದರೆ ಪೀಪಿ ಎಲ್ಲೂ ಇಲ್ಲ. ಅಂಗಳದ ಕಡೆಯಿಂದ ಓಡಿ ಬಂದಳು, ಕೈ ಒದ್ದೆ. ಎಲ್ಲಿಗೆ ಹೋಗಿದ್ದೆ ಅಂದರೆ "ಸುಮ್ನೆ" ಅಂದಳು. ಬಸ್ಸಿನ ಕಿಟಕಿಯಲ್ಲಿ ಕೂತು ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು. ನಾನು ಕೈ ಬೀಸಿದೆ. ಎಲ್ಲರೂ ಬೀಸುತ್ತಿದ್ದರು.

ಮನೆಗೆ ಬಂದು ಒಂದೇ ಮೊಟ್ಟೆ ಬೇಯಿಸಿದೆ.

ಮಾರ್ಚ್ ೩

ಒಣ ೩೩.೦, ಒದ್ದೆ ೨೨.೦. ಮೋಡ ಇಲ್ಲ.

ಮಾರ್ಚ್ ೪

ಒಣ ೩೩.೪, ಒದ್ದೆ ೨೮.೬. ಮೋಡ ಇಲ್ಲ.

ಮಾರ್ಚ್ ೫

ಒಣ ೩೩.೬, ಒದ್ದೆ ೩೩.೬. ತೇವ ನೂರಕ್ಕೆ ನೂರು.

ಕಳೆಯುವ ಲೆಕ್ಕ ಇರಲಿಲ್ಲ. ಬೇಗ ಮುಗಿಯಿತು.

ಮಾರ್ಚ್ ೮

ಒಣ ೩೪.೦, ಒದ್ದೆ ೩೪.೦. ನೂರು. ಬಿಸಿಲು ಒಂಬತ್ತೂವರೆ ಗಂಟೆ.

ಒಂದು ಜೊತೆ ಬಟ್ಟೆ ಒಗೆದೆ. ಹಗ್ಗಕ್ಕೆ ಹಾಕಿ ಒಳಗೆ ಬಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಒಣಗಿತ್ತು ಎನ್ನಬೇಕು. ತುಟಿ ಒಡೆದಿದೆ.

ಮಾರ್ಚ್ ೧೦

ಒಣ ೩೪.೨, ಒದ್ದೆ ೩೪.೨. ನೂರು.

ನಾದಿನಿ ಫೋನು ಮಾಡಿ ಪೀಪಿಗೆ ಕೊಟ್ಟಳು.

"ಊಟ ಆಯ್ತಾ?" ಎಂದೆ.

"ಹ್ಞೂ. ಅಪ್ಪಾ, ಇವತ್ತು ಒದ್ದೆದು ಎಷ್ಟು?"

"ಮೂವತ್ನಾಲ್ಕು."

ಕರೆ ಕಟ್ಟಾಯಿತೇನೋ ಎಂದುಕೊಂಡೆ. "ಒಣದ್ದು?"

"ಅದೂ ಮೂವತ್ನಾಲ್ಕು."

"ನಿನ್ನೆ?"

"ನಿನ್ನೆನೂ ಹಾಗೇ. ಯಾಕೆ?"

"ಏನಿಲ್ಲ." ಅವಳು ಉಸಿರಾಡುವುದು ಕೇಳಿಸುತ್ತಿತ್ತು. "ನೀನು ನೋಡ್ಲಿಲ್ವಾ ಅಪ್ಪ?"

"ನೋಡಿದ್ದಕ್ಕೇ ತಾನೇ ಹೇಳ್ತಿರೋದು."

ಫೋನು ಇಟ್ಟುಬಿಟ್ಟಳು. ಒಂದು ಗಂಟೆಯ ನಂತರ ನಾದಿನಿ ಮತ್ತೆ ಮಾಡಿದಳು. ಹುಡುಗಿ ಬಾಗಿಲು ಹಾಕಿಕೊಂಡು ಮಲಗಿದೆಯಂತೆ, ಊಟಕ್ಕೆ ಬರಲಿಲ್ಲವಂತೆ. ನನ್ನ ಹತ್ತಿರ ಊಟ ಆಯಿತು ಅಂದಿದ್ದಳು. "ಏನಂದ್ರಿ ಭಾವ ಅದಕ್ಕೆ?"

"ಉಷ್ಣಾಂಶ ಹೇಳ್ದೆ."

"ನಿಮಗೆ ಕೈ ಮುಗಿದೆ" ಅಂದಳು.

ಮಾರ್ಚ್ ೧೩

ಒಣ ೩೪.೬, ಒದ್ದೆ ೩೪.೬. ನೂರು.

ನಾದಿನಿಯಿಂದ ಟಪಾಲು. ಶಾಲೆಯ ಅರ್ಜಿ. ತಂದೆಯ ಸಹಿ ಎಂಬಲ್ಲಿ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಮಾಡಿದ್ದಾಳೆ, ನನಗೆ ಅದೂ ತಿಳಿಯುವುದಿಲ್ಲ ಎಂಬಂತೆ. ಜೊತೆಗೆ ಚೀಟಿ. "ಇಲ್ಲೇ ಇರ್ತೀನಿ ಅಂತ ಅವಳೇ ಬಾಯಿಬಿಟ್ಟು ಹೇಳಿದ್ದಾಳೆ. ಇಪ್ಪತ್ತರ ಒಳಗೆ ನನ್ನ ಕೈ ಸೇರಲಿ."

ಮಾರ್ಚ್ ೧೪

ಸಹಿ ಹಾಕಿದೆ. ನಾಲ್ಕು ಅಕ್ಷರ. ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಅಂಟು ಹಾಕಿಲ್ಲ.

ಡಾಕ್ಟರು ಏನನ್ನಿಸಿತು ಬರೆ ಅಂದಿದ್ದರು. ಸಹಿ ಹಾಕುವಾಗ ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ, ಒಂದು ಸಲ ಕೊಡವಿದೆ. ಅಷ್ಟೇ.

ಮಾರ್ಚ್ ೧೬

ಇವತ್ತಿನದನ್ನು ಹೇಗೆ ಬರೆಯುವುದು ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ, ಲಕೋಟೆ ಹಿಡಿದು ಟಪಾಲು ಪೆಟ್ಟಿಗೆಗೆ ಹೊರಟಿದ್ದೆ. ಫೋನು ಹೊಡೆದುಕೊಂಡಿತು. ಮುಖ್ಯ ಕಚೇರಿಯಲ್ಲಿ ನಮ್ಮ ಅಂಕಿಗಳನ್ನು ತಪಾಸಣೆ ಮಾಡುವ ಅಮ್ಮ ಒಬ್ಬರಿದ್ದಾರೆ. ಕೇಂದ್ರದವರೆಲ್ಲ ಅವರನ್ನು ಕೆಂಪು ಶಾಯಿ ಅಂತಲೇ ಕರೆಯುವುದು. ಎರಡು ವಾರ ರಜೆಯಲ್ಲಿದ್ದು ಇವತ್ತೇ ಬಂದಿದ್ದಾರೆ.

"ಸ್ವಾಮಿ, ನಿಮ್ಮ ಕೇಂದ್ರ ಏನಾದ್ರೂ ಕೆರೆಯೊಳಗೆ ಮುಳುಗಿದ್ಯಾ?"

"ಇಲ್ಲ ಮೇಡಂ."

"ಐದನೇ ತಾರೀಕಿಂದ ನಿನ್ನೆವರೆಗೆ, ಹನ್ನೊಂದು ದಿನ, ತೇವ ನೂರಕ್ಕೆ ನೂರು. ಅದೇ ಹನ್ನೊಂದು ದಿನ ಬಿಸಿಲು ಒಂಬತ್ತು ಗಂಟೆ, ಒಂಬತ್ತೂವರೆ ಗಂಟೆ. ದಟ್ಟ ಮಂಜಿನಲ್ಲಿ ಕೂತು ಬಿಸಿಲು ಕಾಯಿಸ್ಕೊಂಡ್ರಾ? ಹೊಸಬರು ಯಾರಾದ್ರೂ ಕಳ್ಸಿದ್ರೆ ನಕ್ಕು ಸುಮ್ನಾಗ್ತಿದ್ದೆ. ನೀವು ಹತ್ತೊಂಬತ್ತು ವರ್ಷದೋರು. ಹೋಗಿ ಬತ್ತಿ ನೋಡಿ."

ಬತ್ತಿ ನೋಡಿ. ಕೈಪಿಡಿಯ ಮೊದಲನೇ ಸಾಲು ಅದು. ಓದುವ ಮೊದಲು ಬತ್ತಿ ಒದ್ದೆಯಿದೆಯೇ ನೋಡಿ. ಎಷ್ಟು ಹೊಸಬರಿಗೆ ನಾನೇ ಇದನ್ನು ಕಲಿಸಿದ್ದೇನೆ. ದಿನಕ್ಕೆ ಎರಡು ಸಲ ಆ ಪೆಟ್ಟಿಗೆಯ ಬಾಗಿಲು ತೆರೆದು, ಅದರೊಳಗೆ ಮೂಗು ತೂರಿಸಿ, ಗೆರೆಯ ಪಕ್ಕದ ಅಂಕಿಯನ್ನು ಮಾತ್ರ ನೋಡಿ ಬಂದಿದ್ದೇನೆ.

ಲಕೋಟೆ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. ಬಾಟಲಿ ಖಾಲಿ. ತಳದಲ್ಲಿ ಒಂದು ಸತ್ತ ಇರುವೆ. ಬತ್ತಿ ಒಣಗಿ ಕಡ್ಡಿಯಾಗಿತ್ತು. ಬಟ್ಟೆ ಬಲ್ಬಿಗೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿದೆ. ಅಂಗೈಯಲ್ಲಿಟ್ಟು ನೋಡಿದರೆ, ಒಂದು ಅಂಚಿನಲ್ಲಿ ನೀಲಿ ದಾರದ ಹೊಲಿಗೆ.

ಮೊದಲು ಏನೂ ಹೊಳೆಯಲಿಲ್ಲ, ಬೆಪ್ಪನ ಹಾಗೆ ನಿಂತಿದ್ದೆ. ಆಮೇಲೆ ನೆನಪಾಯಿತು. ಕಚೇರಿಯವರು ಕಳಿಸುವ ಬಟ್ಟೆಗೆ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ ಎಂದು ಹೆಂಡತಿ ಯಾವಾಗಲೂ ಬೈಯುತ್ತಿದ್ದಳು. ನೂರು ಸಲ ಒಗೆದ ಹಳೇ ಬಟ್ಟೆಯೇ ಆಗಬೇಕು, ವಾರಕ್ಕೊಮ್ಮೆ ಬದಲಾಯಿಸಬೇಕು. ಅವಳ ಹಳೇ ಬಟ್ಟೆಗಳೆಲ್ಲ ಹೀಗೇ ಎರಡು ಬೆರಳಗಲದ ತುಂಡಾಗಿ ಮುಗಿದವು. ನಾದಿನಿ ಬಂದಾಗ ಹೆಂಡತಿ ಹೋಗಿ ಐದು ವಾರವಾಗಿತ್ತು. ಶಾಲಿನಿಂದ ಐದು ತುಂಡು ಹೋಗಿತ್ತು.

ಒಳಗೆ ಬಂದು ರಿಜಿಸ್ಟರು ತೆಗೆದೆ. ಬೆರಳಿಟ್ಟುಕೊಂಡು ಹಿಂದಕ್ಕೆ ಹೋದೆ. ಮಾರ್ಚ್ ಐದು, ಅಂತರ ಸೊನ್ನೆ. ಮಾರ್ಚ್ ಮೂರು, ಹನ್ನೊಂದು. ಮಾರ್ಚ್ ಒಂದು, ಹತ್ತು ಪಾಯಿಂಟ್ ಮೂರು. ಫೆಬ್ರವರಿ ಪೂರ್ತಿ ಸರಿ ಇದೆ. ಜನವರಿಯ ಕೊನೆ ಸರಿ ಇದೆ. ಅವಳು ಆಸ್ಪತ್ರೆಯಲ್ಲಿದ್ದ ಮೂರು ದಿನ ಸರಿ ಇದೆ. ಅವಳನ್ನು ಮನೆಗೆ ತಂದ ಸಂಜೆ, ಒಣ ೨೮.೮, ಒದ್ದೆ ೨೦.೦.

ಈ ಬೇಸಗೆಯಲ್ಲಿ ಬಾಟಲಿಯ ನೀರು ಎರಡು ದಿನ ಬರುತ್ತದೆ, ಹೆಚ್ಚೆಂದರೆ ಮೂರು. ನಾನು ಒಂದು ದಿನವೂ ನೀರು ಹಾಕಿದವನಲ್ಲ. ಹಾಗಾದರೆ ಆ ನಲವತ್ತು ದಿನ ಹಾಕಿದ್ದು ಯಾರು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಬೇಲಿಯ ಗಿಡವಂತೆ ಗಿಡ! ಆ ಬೇಲಿ ತಂತಿಯದು. ಅಲ್ಲಿ ಗಿಡವೇ ಇಲ್ಲ.

ಪ್ರತಿ ಸಂಜೆ ಪೀಪಿ ಒದ್ದೆಯದು ಎಷ್ಟು ಎಂದು ಕೇಳಿದಳಲ್ಲ. ಶಾಲು ಹಿಡಿದು ಅವಳ ಚಿಕ್ಕಮ್ಮ ವಿಚಾರಣೆ ಮಾಡುವಾಗ ನನ್ನ ಮುಖ ನೋಡಿದಳಲ್ಲ. ಫೋನಿನಲ್ಲಿ ನಾನು ಎರಡೂ ಮೂವತ್ನಾಲ್ಕು ಅಂದೆ. ಆ ಮಗುವಿಗೆ ಅದು ಹೇಗೆ ಕೇಳಿಸಿರಬೇಕು! ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆಯಾಯಿತು. ಜೊತೆಗೆ ಭಯ.

ಬಾಟಲಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನು ಎಲ್ಲಿದೆ ಎಂದು ಹುಡುಕಲು ಹದಿನೈದು ನಿಮಿಷ ಬೇಕಾಯಿತು. ಪೀಪಿಯ ಮಂಚದ ಕೆಳಗಿತ್ತು. ಶಾಲಿನಿಂದ ಒಂದು ತುಂಡು ಕತ್ತರಿಸಿದೆ, ಆರನೆಯದು. ನನ್ನ ಗಂಟು ಮೂರು ಸಲ ಜಾರಿತು. ನೀರು ತುಂಬಿ ಬಾಗಿಲು ತೆರೆದಿಟ್ಟುಕೊಂಡು ನಿಂತೆ. ಓದಿ ಹೋಗುವವನು ಇಷ್ಟು ವರ್ಷದಲ್ಲಿ ಅದು ಇಳಿಯುವುದನ್ನು ನಿಂತು ನೋಡಿರಲಿಲ್ಲ. ೩೫.೨ರಲ್ಲಿ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಮೂವತ್ತಮೂರು, ಮೂವತ್ತು, ಇಪ್ಪತ್ತಾರು. ೨೨.೪ಕ್ಕೆ ನಿಂತಿತು. ಅಷ್ಟು ಹೊತ್ತೂ ನನ್ನ ಕಣ್ಣು ಮಂಜಾಗಿತ್ತು. ಆ ಕೊನೆಯ ಅಂಕಿ ೨೨.೪ ಹೌದೋ ಅಲ್ಲವೋ ಎಂದು ಎರಡು ಸಲ ಒರೆಸಿಕೊಂಡು ಓದಿದೆ.

ರಿಜಿಸ್ಟರಿನಲ್ಲಿ ಅಳಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಪಕ್ಕದ ಷರಾ ಕಾಲಮಿನಲ್ಲಿ ಕಾರಣ ಬರೆಯಬೇಕು. ನಾಲ್ಕರ ಸಂಜೆಯಿಂದ ಇವತ್ತಿನ ಬೆಳಿಗ್ಗೆಯವರೆಗೆ ಇಪ್ಪತ್ತನಾಲ್ಕು ಅಂಕಿ. ಇಪ್ಪತ್ತನಾಲ್ಕು ಗೆರೆ ಎಳೆದೆ. ಷರಾ: "ಬತ್ತಿ ಒಣಗಿತ್ತು. ವೀಕ್ಷಕ ನೋಡಲಿಲ್ಲ."

ಸಂಜೆ ಫೋನು ಮಾಡಿದೆ. ಪೀಪಿ ಬರಲಿಲ್ಲ. "ಓದ್ಕೋತಿದ್ದಾಳೆ" ಅಂದಳು ನಾದಿನಿ. "ಅರ್ಜಿ ಹಾಕಿದ್ರಾ?"

ಇಲ್ಲ ಎಂದೆ. ಬೇರೆ ಏನನ್ನೂ ಫೋನಿನಲ್ಲಿ ಹೇಳಲು ಆಗಲಿಲ್ಲ.

ಮಾರ್ಚ್ ೧೮

ನಿನ್ನೆ ಬೆಳಿಗ್ಗೆ ಎಂಟೂವರೆಯದನ್ನು ಓದಿ, ಬಾಟಲಿ ತುಂಬಿ, ಬಸ್ಸು ಹತ್ತಿದೆ. ಬದಲಿ ವೀಕ್ಷಕ ಬೇಕೆಂದರೆ ಎರಡು ದಿನ ಮೊದಲೇ ಅರ್ಜಿ ಕೊಡಬೇಕು. ಕೊಟ್ಟಿರಲಿಲ್ಲ. ದಾರಿಯಲ್ಲಿ ಚಕ್ರ ಪಂಚರ್ ಆಗಿ ಬಸ್ಸು ಎರಡು ತಾಸು ತಡ. ನಾನು ನಾದಿನಿಯ ಅಂಗಡಿ ಮುಟ್ಟುವಾಗ ಐದೂಕಾಲು.

ಪೀಪಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನನ್ನನ್ನು ನೋಡಿ ಸೂಜಿ ನಿಲ್ಲಿಸಿದಳು, ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ. ಎಲ್ಲಾ ಕೈಕೊಟ್ಟಿತು.

"ಬತ್ತಿ ಒಣಗಿತ್ತು" ಎಂದೆ.

"ಗೊತ್ತು."

"ಗೊತ್ತಿದ್ರೆ ಹೇಳ್ಬಾರ್ದಿತ್ತಾ ಪೀಪಿ?"

"ನೀನಾಗೇ ನೋಡ್ಲಿ ಅಂತ." ಗುಂಡಿಯನ್ನು ತಿರುವುತ್ತಿದ್ದಳು. "ನೋಡೇ ನೋಡ್ತೀಯ ಅಂದ್ಕೊಂಡೆ. ಅದು ನಿನ್ ಕೆಲ್ಸ ಅಲ್ವಾ. ದಿನಾ ನೋಡ್ತೀಯಲ್ಲ."

ನಾನು ಮೆಟ್ಟಿಲ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಹೆಕ್ಕಿದೆ.

"ಅಮ್ಮ ಆಸ್ಪತ್ರೆಗೆ ಹೋದಾಗ ಹೇಳಿದ್ಲು, ಕೂಸಿಗೆ ನೀರು ಹಾಕು, ಅಪ್ಪಂಗೆ ತಿಳಿಯಲ್ಲ ಅಂತ. ಆಮೇಲೆ ಅಮ್ಮ ಬರ್ಲಿಲ್ಲ. ನಾನು ಬಿಟ್ರೆ ಅದು ಒಣಗಿಹೋಗುತ್ತೆ, ಆಗ ರಿಜಿಸ್ಟರಲ್ಲೂ ಅಮ್ಮ ಇಲ್ಲ ಅಂತ ಆಗ್ಬಿಡುತ್ತೆ. ಅದಕ್ಕೇ ಹಾಕ್ತಿದ್ದೆ. ಅಲ್ಲಾದ್ರೂ ಹಾಗೇ ಇರ್ಲಿ ಅಂತ."

ಜೇಬಿನಿಂದ ಆ ಬಟ್ಟೆಯ ತುಂಡು ತೆಗೆದೆ. ಕಾಗದದಲ್ಲಿ ಮಡಿಸಿ ತಂದಿದ್ದೆ. ಬಾಗಿಲಲ್ಲಿ ನಿಂತಿದ್ದ ನಾದಿನಿ ಅದನ್ನು ಕೈಗೆ ತೆಗೆದುಕೊಂಡು ನೀಲಿ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಎಲ್ಲಿ ಸಿಕ್ಕಿತು, ಯಾಕೆ ಕತ್ತರಿಸಿದ್ದು ಎಂದು ಹೇಳಿದೆ. ಅವಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಹೋಗಿ ಕೂತಳು. ಹೊಲಿಯಲಿಲ್ಲ.

ಅರ್ಜಿಯನ್ನೂ ತೆಗೆದೆ. ನನ್ನ ಸಹಿಯ ಮೇಲೆ ಒಂದೇ ಗೆರೆ ಎಳೆದಿದ್ದೆ, ಕೆಳಗಿನದು ಓದಲು ಬರುವ ಹಾಗೆ. ಪೀಪಿ ಅದನ್ನು ನೋಡಿದಳು.

"ಷರಾ ಬರೆದಿಲ್ಲ" ಅಂದಳು.

"ನಿನ್ನಿಷ್ಟ ಅಂದಿದ್ನಲ್ಲ, ಅದು ತಪ್ಪು. ನನಗೆ ಇಷ್ಟ ಇಲ್ಲ. ನೀನು ನನ್ನ ಜೊತೆ ಇರ್ಬೇಕು. ಇದೇ ಷರಾ."

ಅವಳು ಅಂಗಡಿಯೊಳಗಿನ ಗೋಡೆ ಗಡಿಯಾರ ನೋಡಿದಳು. ನಾನೂ ನೋಡಿದೆ.

"ಅಪ್ಪಾ, ಐದೂವರೆ."

"ಹ್ಞೂ."

"ಅಲ್ಲಿ ಯಾರು ಓದ್ತಿದ್ದಾರೆ?"

"ಯಾರೂ ಇಲ್ಲ."

"ಖಾಲಿನಾ?" ಮುಖ ಎತ್ತಿ ನನ್ನನ್ನೇ ನೋಡಿದಳು. "ಅಮ್ಮನ್ನ ತಂದ ದಿನಾನೂ ಖಾಲಿ ಬಿಟ್ಟಿರ್ಲಿಲ್ಲ ನೀನು."

"ಅವತ್ತು ಬಿಡ್ಬೇಕಾಗಿತ್ತು. ನಿನ್ನ ಪಕ್ಕ ಕೂರ್ಬೇಕಾಗಿತ್ತು."

ಆಗ ಪೀಪಿ ಊದಿತು. ಹದಿಮೂರು ವರ್ಷದ ಹಿಂದಿನ ಅದೇ ದನಿ, ಬೀದಿಯ ಕೊನೆಯ ಮನೆಯವರೆಗೆ. ಎದುರಿನ ಅಂಗಡಿಯವನು ಹೊರಗೆ ಬಂದು ನಿಂತ. ನಾದಿನಿ ಓಡಿ ಬಂದಳು. ನಾನು ಮಗಳನ್ನು ಹಿಡಿದುಕೊಂಡಿದ್ದೆ, ಗುಂಡಿಯ ಅಂಗಿ, ಸೂಜಿ, ದಾರ ಎಲ್ಲಾ ಸೇರಿಸಿ. ಸೂಜಿ ಅಂಗೈಗೆ ಚುಚ್ಚಿ ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಉರಿಯಿತು.

ಮಾರ್ಚ್ ೧೯

ನಿನ್ನೆ ಮಧ್ಯಾಹ್ನ ಇಬ್ಬರೂ ಮನೆಗೆ ಬಂದೆವು. ನಾದಿನಿ ಬರುವ ವಾರ ಬರುತ್ತಾಳೆ. ಗಂಜಿಯಿಲ್ಲದ ಬಿಳಿ ಬಟ್ಟೆ ಎರಡು ಬೆರಳಗಲ ಕತ್ತರಿಸಿ, ಅಂಚು ಹೊಲಿದು ಒಂದು ಕಟ್ಟು ತರುತ್ತಾಳಂತೆ. ಅಕ್ಕನ ಶಾಲಿಗೆ ಇನ್ನು ಯಾರೂ ಕೈ ಹಚ್ಚಕೂಡದಂತೆ. ನನ್ನ ಮೊಟ್ಟೆಯ ಬಗ್ಗೆಯೂ ಎರಡು ಮಾತು ಹೇಳಿ ಕಳಿಸಿದಳು.

ಕೆಂಪು ಶಾಯಿಯ ಫೋನು ಬಂದಿತ್ತು. ಹದಿನೇಳರ ಸಂಜೆ, ಹದಿನೆಂಟರ ಬೆಳಿಗ್ಗೆ, ಎರಡೂ ಕಾಲಂ ಖಾಲಿ, ಕಾರಣ ಬರೆದು ಕಳಿಸಿ ಎಂದರು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು, ಹುಷಾರಿರಲಿಲ್ಲ ಎನ್ನಬಹುದಿತ್ತು. ಷರಾದಲ್ಲಿ ಬರೆದೆ: "ವೀಕ್ಷಕ ಮಗಳನ್ನು ಕರೆತರಲು ಹೋಗಿದ್ದ." ಬೇಕಾದರೆ ಸುತ್ತ ಕೆಂಪು ಗುಂಡು ಹಾಕಿಕೊಳ್ಳಲಿ.

ಇವತ್ತು ಸಂಜೆ ಪೀಪಿ ಬಾಟಲಿ ಹಿಡಿದು ಹೊರಟಳು. ನಾನು ಹಾಕುತ್ತೇನೆ ಕೊಡು ಎಂದೆ. ಕೊಟ್ಟಳು, ಆದರೆ ಜೊತೆಗೇ ಬಂದು, ನಾನು ನೀರು ಹಾಕುವುದನ್ನು ತಪಾಸಣೆಯವರ ಹಾಗೆ ನಿಂತು ನೋಡಿದಳು. ಗಂಟು ಸರಿಯಿಲ್ಲ ಎಂದು ಬಿಚ್ಚಿಸಿ ಮತ್ತೆ ಕಟ್ಟಿಸಿದಳು. ಅವರಮ್ಮ ಹೇಗೆ ಎರಡು ಸುತ್ತು ಹಾಕಿ ಬಿಗಿಯುತ್ತಿದ್ದಳು ಎಂದು ತೋರಿಸಿದಳು. ಅದನ್ನು ತೋರಿಸುವಾಗ ಅತ್ತಳು. ನಾನೂ ಅತ್ತೆ. ಆಮೇಲೆ ಹೊತ್ತಾಯಿತೆಂದು ಓದಿದೆವು.

ಒಣ ೩೪.೮, ಒದ್ದೆ ೨೨.೬. ಓದಿದ್ದು ಪೀಪಿ, ಬರೆದದ್ದು ನಾನು. ಐದು ಮೂವತ್ತೇಳಕ್ಕೆ, ಏಳು ನಿಮಿಷ ತಡವಾಗಿ.